ಕೈ ಬೀಸಿದರೆ ಹತ್ತುವ ದೀಪ

ಆಸ್ತಿ ಇರುವ ಮನೆಗಳಲ್ಲಿ ಆಸ್ತಿಗಾಗಿ ಜಗಳವಾಗುತ್ತದೆ. ಈ ಮನೆಯಲ್ಲಿ ಆಸ್ತಿ ಅಂತ ಏನೂ ಇರಲಿಲ್ಲ, ಹಾಗಾಗಿ ಲೈಟಿನ ಸ್ವಿಚ್ಚಿಗಾಗಿ ಆಗುತ್ತಿತ್ತು.

ಕೆಳ ಅಂತಸ್ತಿನ ಮನೆ ಅದು. ಎರಡೂ ಪಕ್ಕದಲ್ಲಿ ಐದೈದು ಅಂತಸ್ತಿನ ಕಟ್ಟಡಗಳು ಎದ್ದ ಮೇಲೆ ಸೂರ್ಯನಿಗೆ ಈ ಮನೆಯ ವಿಳಾಸವೇ ಮರೆತುಹೋಗಿತ್ತು. ಮಟಮಟ ಮಧ್ಯಾಹ್ನ ಅಡುಗೆಮನೆಗೆ ಹೋದರೂ ದೀಪ ಹಾಕದೆ ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಯದು ಸರಿ, ಉಳಿದ ದೀಪಗಳೆಲ್ಲ ಯಾಕೆ ಬೆಳಗಿನಿಂದ ಉರಿಯಬೇಕು ಎಂಬುದು ಸೊಸೆಯ ಪ್ರಶ್ನೆ.

"ಅತ್ತೆ, ಬಚ್ಚಲಲ್ಲಿ ಯಾರೂ ಇಲ್ಲ, ಲೈಟ್ ಉರೀತಿದೆ. ಹಾಲಲ್ಲಿ ಯಾರೂ ಇಲ್ಲ, ಅಲ್ಲೂ ಉರೀತಿದೆ. ಯಾರಿಗೋಸ್ಕರ?" ಕೆಲಸದಿಂದ ಬಂದ ಸೊಸೆ ಹೆಗಲ ಚೀಲ ಇಳಿಸುವ ಮೊದಲೇ ಕೇಳುತ್ತಿದ್ದಳು. ಅದನ್ನು ಅತ್ತೆಯ ಎದುರಿಗೇ ನಿಂತು, ತುಟಿ ಅಗಲಿಸಿ ಕೇಳಬೇಕಿತ್ತು. ಬೆನ್ನ ಹಿಂದೆ ನಿಂತು ಬೈದರೆ ಬೈದ ಶ್ರಮವೇ ದಂಡ.

"ನಾನು ಹೋಗಿ ಬಂದು ಮಾಡ್ತೀನಲ್ಲ, ನನಗೋಸ್ಕರ," ಅಜ್ಜಿ ಅನ್ನುತ್ತಿದ್ದಳು. "ಕಿವಿ ಅಂತೂ ಹೋಯ್ತು. ಇನ್ನು ಕಣ್ಣನ್ನೂ ಕಟ್ಕೊಂಡು ಕೂತ್ಕೊಳ್ಲಾ?"

ಅಜ್ಜಿ ಇಪ್ಪತ್ತಾರು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವಳು. ಮಗ್ಗಗಳ ಸದ್ದು ಅವಳ ಕಿವಿಯನ್ನು ವರ್ಷಕ್ಕಿಷ್ಟು ಅಂತ ತಿಂದು, ನಿವೃತ್ತಿಯ ಹೊತ್ತಿಗೆ ಪೂರ್ತಿ ಮುಗಿಸಿತ್ತು. ಗಿರಣಿ ಬಿಟ್ಟರೂ ಗಿರಣಿಯ ದನಿ ಅವಳನ್ನು ಬಿಟ್ಟಿರಲಿಲ್ಲ. ನೂರು ಮಗ್ಗಗಳ ಮೇಲೆ ಕೇಳಿಸಬೇಕೆಂಬಂತೆಯೇ ಮಾತಾಡುತ್ತಿದ್ದಳು. ಅವಳು ಗುಟ್ಟು ಹೇಳಿದರೆ ಮೂರನೇ ಅಂತಸ್ತಿನವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಅಡುಗೆಮನೆಯ ದೀಪದ ವಿಷಯ ಮಾತ್ರ ಬೇರೆ. ಅದು ಬರೀ ದೀಪವಾಗಿರಲಿಲ್ಲ.

ತಾತ ವೈರ್‌ಮನ್ ಆಗಿದ್ದವನು. ಜೊತೆಯವರು ಅವನನ್ನು ಫ್ಯೂಸಪ್ಪ ಅಂತ ಕರೆಯುತ್ತಿದ್ದರು. ಸಿಟ್ಟು ಬಂದರೆ ಫಟ್ಟಂತ ಹೋಗುತ್ತಿದ್ದ, ಎರಡು ನಿಮಿಷಕ್ಕೆ ಸರಿಯಾಗುತ್ತಿದ್ದ. ಹೆಂಡತಿಯ ಕಿವಿ ಪೂರ್ತಿ ಹೋದ ವಾರ ಅವನು ಒಂದು ಬೆಲ್ಲಿನ ಬಟನ್ ತಂದು, ಹಾಲಿನಲ್ಲಿ ತನ್ನ ಕುರ್ಚಿಯ ಪಕ್ಕ ಕೂರಿಸಿ, ಅಲ್ಲಿಂದ ಅಡುಗೆಮನೆಯ ದೀಪಕ್ಕೆ ತಂತಿ ಎಳೆದ. ಬಟನ್ ಒತ್ತಿದರೆ ಅಡುಗೆಮನೆಯ ದೀಪ ಒಂದು ಕ್ಷಣ ಆರಿ ಹತ್ತುತ್ತಿತ್ತು. ಒಂದು ಸಲ ಆರಿದರೆ ಬಾ ಅಂತ. ಎರಡು ಸಲ ಆರಿದರೆ ನೀರು. ಮೂರು ಸಲ ಆರಿದರೆ ಏನು ಅಂತ ಮೊಮ್ಮಗಳು ಸಣ್ಣವಳಿದ್ದಾಗ ಕೇಳಿದ್ದಳು.

"ಸುಮ್ನೆ," ಅಂದಿದ್ದ ತಾತ.

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ಕಣೆ ಪುಟ್ಟಿ. ಬಂದು ಪಕ್ಕದಲ್ಲಿ ಕೂತ್ಕೋ ಅಂತ."

ಮೂರು ಸಲ ಆರಿದಾಗಲೆಲ್ಲ ಅಜ್ಜಿ ಬೈಯುತ್ತಲೇ ಹೋಗುತ್ತಿದ್ದಳು. "ಕೈ ತುಂಬ ಕೆಲಸ ಇದೆ, ಇವರಿಗೆ ಸುಮ್ನೆ ಅಂತೆ ಸುಮ್ನೆ." ಆದರೆ ಒಂದು ಸಲವೂ ಹೋಗದೆ ಇದ್ದದ್ದಿಲ್ಲ.

ಒಂದೂವರೆ ವರ್ಷದ ಹಿಂದೆ ತಾತನಿಗೆ ಲಕ್ವ ಹೊಡೆಯಿತು. ಬಲಗಡೆಯೆಲ್ಲ ಹೋಯಿತು, ಮಾತು ಹೋಯಿತು. ಎಡಗೈ ಉಳಿಯಿತು, ಬಟನ್ ಒತ್ತುವ ಹೆಬ್ಬೆರಳು ಉಳಿಯಿತು. ಮಗ ಬಟನ್ನನ್ನು ಗೋಡೆಯಿಂದ ಕಿತ್ತು ಮಂಚದ ಪಟ್ಟಿಗೆ ತಂದು ಹಾಕಿದ. ಗಂಡನಿಗೆ ಬಾಯಿಲ್ಲ, ಹೆಂಡತಿಗೆ ಕಿವಿಯಿಲ್ಲ. ಈಡುಜೋಡು ಅಂದರೆ ಇದು ಅಂತ ನೆರೆಮನೆಯವಳು ನಕ್ಕಳು. ನಗಲಿ ಬಿಡಿ. ಆ ಒಂದು ಬಟನ್ನು, ಒಂದು ದೀಪ ಇಟ್ಟುಕೊಂಡು ಅವರಿಬ್ಬರೂ ಬಾಯಿ ಕಿವಿ ಎರಡೂ ಇರುವ ಎಷ್ಟೋ ಜೋಡಿಗಳಿಗಿಂತ ಚೆನ್ನಾಗಿಯೇ ಮಾತಾಡಿಕೊಳ್ಳುತ್ತಿದ್ದರು.

*

ಸೊಸೆ ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಸೂಪರ್‌ವೈಸರ್. ಹೋಟೆಲುಗಳ ಹಾಸುಬಟ್ಟೆ, ಆಸ್ಪತ್ರೆಗಳ ಹೊದಿಕೆ ದಿನಕ್ಕೆ ಸಾವಿರದ ಲೆಕ್ಕದಲ್ಲಿ ಬರುತ್ತಿದ್ದವು. ಅಷ್ಟನ್ನೂ ನೋಡಿಕೊಂಡು ಮನೆಗೆ ಬಂದು ಮಾವನ ಕೆಳಗಿನ ಬಟ್ಟೆ ಬದಲಾಯಿಸುವವಳೂ ಅವಳೇ. ಅವನನ್ನು ಮಗ್ಗುಲು ಹೊರಳಿಸಿ, ಬೆನ್ನು ಒರೆಸಿ, ಪೌಡರ್ ಹಾಕಿ, ಒಂದು ಸುಕ್ಕೂ ಇಲ್ಲದ ಹಾಗೆ ಹಾಸುತ್ತಿದ್ದಳು. "ಮಾವ, ನಮ್ಮ ದೊಡ್ಡ ಹೋಟೆಲ್ ಗಿರಾಕಿಗಳಿಗೂ ಇಂಥ ಹಾಸಿಗೆ ಸಿಗಲ್ಲ ನೋಡಿ," ಅನ್ನುತ್ತಿದ್ದಳು. ತಾತ ಎಡಗಡೆಯ ಅರ್ಧ ಬಾಯಲ್ಲಿ ನಗುತ್ತಿದ್ದ.

ಆ ಲಾಂಡ್ರಿಗೆ ಹಿಂದಿನ ವರ್ಷ ಸೆನ್ಸರ್ ದೀಪ ಹಾಕಿಸಿದ್ದರು. ಮನುಷ್ಯರು ಬಂದರೆ ಹತ್ತುತ್ತದೆ, ಹೋದರೆ ತಾನೇ ಆರುತ್ತದೆ. ಕರೆಂಟ್ ಬಿಲ್ಲು ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಸೊಸೆಯ ತಲೆಯಲ್ಲಿ ಅದು ಹುಳದಂತೆ ಕೊರೆಯುತ್ತಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ತೆಗೆದೇಬಿಟ್ಟಳು.

"ರೀ, ನಮ್ಮನೇಗೂ ಹಾಕಿಸೋಣ. ಲಾಂಡ್ರಿಗೆ ಹಾಕಿದ ಫಿಟ್ಟರೇ ಕಡಿಮೆಗೆ ಮಾಡ್ಕೊಡ್ತೀನಿ ಅಂದಿದಾರೆ."

ಗಂಡ ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿ ಗೋಡೌನ್ ನೋಡಿಕೊಳ್ಳುವವನು. ಮನೆಯ ವ್ಯಾಜ್ಯಗಳಲ್ಲಿ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಪೈಕಿ. "ಅಮ್ಮನ್ನ ಕೇಳು," ಅಂದ.

"ಅಮ್ಮನ್ನ ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

"ಏನಂತೆ?" ಅಜ್ಜಿ ಮೊಮ್ಮಗಳ ತುಟಿ ನೋಡಿದಳು. ಮೊಮ್ಮಗಳು ಕಾಲೇಜಿನ ಎರಡನೇ ವರ್ಷ ಓದುವವಳು. ಆ ಮನೆಯ ದುಭಾಷಿ ಅವಳೇ.

"ಲೈಟು ತಾನೇ ಆರೋ ಹಾಗೆ ಮಾಡ್ಸೋಣ ಅಂತಿದಾಳೆ ಅಮ್ಮ."

"ತಾನೇ ಆರೋದು ಒಲೆ, ಮನುಷ್ಯ. ಲೈಟ್ ಯಾಕೆ ಆರಬೇಕು?"

ಸೊಸೆ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಅತ್ತೆಯ ಕಡೆ ಪೂರ್ತಿ ತಿರುಗಿ, ನಿಧಾನವಾಗಿ ಹೇಳಿದಳು. "ಅತ್ತೆ, ಮಾವನಿಗೆ ವ್ಯಾಯಾಮ ಮಾಡಿಸೋರು ಬರ್ತಿದ್ರಲ್ಲ. ನಿಲ್ಲಿಸಿ ಆರು ತಿಂಗಳಾಯ್ತು. ಅವರು ಬರ್ತಿದ್ದಾಗ ಮಾವ ಬಲ ಮೊಣಕೈ ಮಡಿಚೋಕೆ ಶುರು ಮಾಡಿದ್ರು. ಕರೆಂಟಲ್ಲಿ ಉಳಿಯೋದ್ರಲ್ಲಿ ಅವರನ್ನ ವಾರಕ್ಕೊಂದು ಸಲನಾದ್ರೂ ಕರೆಸಬಹುದು. ಅಷ್ಟೇ ನಾನು ಹೇಳ್ತಿರೋದು."

ಅಜ್ಜಿ ತುಂಬ ಹೊತ್ತು ಅನ್ನ ಕಲಸಿದಳು. ಆಮೇಲೆ, "ಅವರ ಬಟನ್ನಿಗೆ ಕೈ ಹಚ್ಚಬಾರದು," ಅಂದಳು.

"ಅಯ್ಯೋ, ಅದಕ್ಕೆ ಯಾರು ಕೈ ಹಚ್ತಾರೆ?" ಅಂದಳು ಸೊಸೆ.

*

ಫಿಟ್ಟರ್ ಬೋಳುತಲೆಯ, ಮಾತಿನ ಮನುಷ್ಯ. ಏಣಿ ಹತ್ತಿ ಪ್ರತಿ ಕೋಣೆಯ ಸೂರಿಗೂ ಒಂದೊಂದು ಬಿಳಿ ಬಿಲ್ಲೆ ಅಂಟಿಸಿದ. ತಾತನ ಕೋಣೆಗೆ ಬಂದಾಗ ಸೊಸೆ ಬಾಗಿಲಲ್ಲೇ ಕಾವಲು ನಿಂತಳು.

"ಈ ಬಟನ್ ಹೇಗಿದೆಯೋ ಹಾಗೇ ಕೆಲಸ ಮಾಡ್ಬೇಕು. ಇದೊಂದು ಕೆಟ್ರೆ ಉಳಿದಿದ್ದೆಲ್ಲ ವಾಪಸ್ ತಗೊಂಡು ಹೋಗಿ."

"ಆಗುತ್ತಮ್ಮ. ಒತ್ತಿದ್ರೆ ಲೈಟ್ ಆರಿ, ಎರಡು ಸೆಕೆಂಡಲ್ಲಿ ತಾನೇ ಹತ್ತೋ ಹಾಗೆ ಮಾಡ್ತೀನಿ," ಅಂದ ಫಿಟ್ಟರ್. ತಾತನ ಕಡೆ ಬಗ್ಗಿ, "ಏನ್ ಸರ್, ನೀವೂ ನಮ್ಮ ಲೈನೇ ಅಂತೆ?" ಅಂತ ಕೇಳಿ, ಕೈಯಲ್ಲಿದ್ದ ಪೆಟ್ಟಿಗೆಯನ್ನು ಅವನ ಎದೆಯ ಮೇಲಿಟ್ಟು ತೋರಿಸಿದ.

ತಾತ ಎಡಗೈಯಿಂದ ಅದನ್ನು ಮುಟ್ಟಿದ. ತಂತಿಗಳ ಮೇಲೆ ಹೆಬ್ಬೆರಳು ಓಡಿಸಿ, ಒಂದು ತಿರುಪಿನ ಹತ್ತಿರ ನಿಂತು, ಅದನ್ನು ಎರಡು ಸಲ ಕುಟ್ಟಿದ. ಫಿಟ್ಟರ್ ನೋಡಿದರೆ ತಿರುಪು ಸಡಿಲವಿತ್ತು. ಅವನ ಬೋಳುತಲೆ ಕೆಂಪಾಯಿತು. "ಸೈ ಸರ್," ಅಂದು ಬಿಗಿ ಮಾಡಿದ. ಆ ದಿನವಿಡೀ ತಾತನ ಮುಖದಲ್ಲಿ ಒಂದು ಹೊಳಪಿತ್ತು. ಒಂದೂವರೆ ವರ್ಷದಲ್ಲಿ ಮೊದಲ ಸಲ ಯಾರೋ ಅವನ ಕೆಲಸ ಕೇಳಿಕೊಂಡು ಬಂದಿದ್ದರು.

ಪರೀಕ್ಷೆಗೆ ತಾತ ಬಟನ್ ಒತ್ತಿದ. ಅಡುಗೆಮನೆಯ ದೀಪ ಆರಿ, ಹತ್ತಿತು. ಅಜ್ಜಿ ಬಂದು ಬಾಗಿಲಲ್ಲಿ ನಿಂತು "ಏನು?" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ತೊಂದರೆ ಶುರುವಾದದ್ದು ಮಾರನೆಯ ದಿನ. ಮೊದಲು ಅದು ನಗೆಚಾಟಿಕೆಯಾಗಿತ್ತು. ಮಗ ಬಚ್ಚಲಲ್ಲಿ ಕಣ್ಣಿಗೆ ಸೋಪು ಹಚ್ಚಿಕೊಂಡು ಒಂದು ಗಳಿಗೆ ಸುಮ್ಮನೆ ನಿಂತ, ದೀಪ ಹೋಯಿತು. "ಲೈಟ್ ಹಾಕ್ರೋ!" ಅಂತ ಒಳಗಿಂದ ಕೂಗಿದ. "ಕುಣೀರಿ, ಹತ್ತುತ್ತೆ!" ಅಂತ ಸೊಸೆ ಹೊರಗಿಂದ ಕೂಗಿದಳು. ಮೊಮ್ಮಗಳು ನಕ್ಕೂ ನಕ್ಕೂ ನೆಲಕ್ಕೆ ಕೂತಳು.

ಅಡುಗೆಮನೆಯಲ್ಲಿ ನಗು ಬರಲಿಲ್ಲ. ಅಜ್ಜಿಗೆ ಮಂಡಿನೋವು. ಕಟ್ಟೆಯ ಕೆಳಗೆ ಗಿಡ್ಡ ಮಣೆ ಹಾಕಿಕೊಂಡು ತರಕಾರಿ ಹೆಚ್ಚುವುದು, ಬಟಾಣಿ ಸುಲಿಯುವುದು ಅವಳ ರೂಢಿ. ಸೂರಿನ ಬಿಲ್ಲೆಗೆ ಕಟ್ಟೆಯ ಕೆಳಗಿನ ಮುದುಕಿ ಕಾಣುತ್ತಿರಲಿಲ್ಲ. ಎರಡು ನಿಮಿಷವಾದರೆ ದೀಪ ಆರುತ್ತಿತ್ತು. ದೀಪ ಆರಿದರೆ ಅಜ್ಜಿ ಎದ್ದಳು ಅಂತಲೇ ಲೆಕ್ಕ. ಹದಿನೇಳು ವರ್ಷದ ಅಭ್ಯಾಸ. ಮಂಡಿ ಹಿಡಿದುಕೊಂಡು ಎದ್ದು, ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ, "ಕರೆದ್ರಾ?" ಅಂತ ಕೇಳುತ್ತಿದ್ದಳು. ನಿದ್ದೆಯಲ್ಲಿದ್ದ ತಾತ ಬೆಚ್ಚಿ ಕಣ್ಣು ಬಿಟ್ಟು, ಇಲ್ಲ ಅಂತ ತಲೆಯಾಡಿಸುತ್ತಿದ್ದ. ಅವಳು ವಾಪಸ್ಸು ಬಂದು ಮಣೆಯ ಮೇಲೆ ಕೂತು ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಮತ್ತೆ ಕತ್ತಲು.

ಮೂರನೇ ದಿನ ಸಂಜೆ ಸೊಸೆ ಬಾಗಿಲು ತೆರೆಯುವಷ್ಟರಲ್ಲಿ ಅಜ್ಜಿ ಗಿರಣಿಯ ದನಿಯಲ್ಲಿ ಶುರು ಮಾಡಿದಳು.

"ಇವತ್ತು ಹದಿನಾಲ್ಕು ಸಲ ಎಬ್ಬಿಸಿತು ನಿನ್ನ ಸೆನ್ಸರು. ಹದಿನಾಲ್ಕು ಸಲ ಹೋಗಿ ಅವರ ನಿದ್ದೆ ಕೆಡಿಸಿ ಬಂದೆ. ಈ ಮಂಡಿ ಯಾರ ಅಪ್ಪಂದು?"

"ಮಣೆ ಬಿಟ್ಟು ಕುರ್ಚಿ ಮೇಲೆ ಕೂತ್ಕೊಳ್ಳಿ ಅತ್ತೆ, ಅದಕ್ಕೆ ಕಾಣ್ತೀರಿ."

"ನಾನು ಅದಕ್ಕೆ ಕಾಣಬೇಕಾ? ನನ್ನನ್ನೇನು ಹೆಣ್ಣು ನೋಡೋಕೆ ಬಂದಿದೆಯಾ ಅದು?"

"ಎಲ್ಲದಕ್ಕೂ ಒಂದು ಮಾತು. ನಾನು ನನಗೋಸ್ಕರ ಹಾಕಿಸಿದ್ನಾ? ಬೆಳಗ್ಗೆಯಿಂದ ಉಗಿಯಲ್ಲಿ ಬೆಂದು ಬಂದಿದೀನಿ, ಒಂದು ಲೋಟ ನೀರು ಕುಡೀಲಾ ಮೊದಲು?"

ಕಡೆಗೆ ಮೊಮ್ಮಗಳು ಅಜ್ಜಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿ, ದೀಪ ಆರುವವರೆಗೆ ಕಾದಳು. ಆರಿತು. ಅಜ್ಜಿಯ ಕೈಯನ್ನು ಕಟ್ಟೆಯ ಮೇಲಕ್ಕೆ ಎತ್ತಿ ಬೀಸಿಸಿದಳು. ಹತ್ತಿತು.

"ನೋಡು, ಎರಡು ನಿಮಿಷ ನೀನು ಕಾಣದಿದ್ರೆ ಸೆನ್ಸರ್ ಆರಿಸುತ್ತೆ, ಅದಾದ್ರೆ ಕೈ ಬೀಸಿದ ಮೇಲೇ ಹತ್ತೋದು. ತಾತ ಕರೆದ್ರೆ ತಾನಾಗೇ ಹತ್ತುತ್ತೆ. ಅದಕ್ಕೆ, ಲೈಟ್ ಹೋದ ತಕ್ಷಣ ಒಂದು, ಎರಡು ಅಂತ ಎಣಿಸು. ತಾನಾಗೇ ಹತ್ತಿದ್ರೆ ತಾತ. ಹತ್ತದೇ ಇದ್ರೆ ಕೈ ಬೀಸು. ಗೊತ್ತಾಯ್ತಾ?"

"ಒಂದು, ಎರಡು," ಅಂದಳು ಅಜ್ಜಿ.

"ನಾನು ಭಾನುವಾರ ಇನ್ನೊಂದು ಬಲ್ಬ್ ತಂದು ಹಾಕ್ತೀನಿ, ಕೆಂಪುದು. ತಾತ ಒತ್ತಿದ್ರೆ ಅದು ಹತ್ತೋ ಹಾಗೆ. ಹತ್ತು ನಿಮಿಷದ ಕೆಲಸ. ಅಲ್ಲೀವರೆಗೆ ಹೀಗೆ ಮಾಡು."

*

ಆ ಭಾನುವಾರ ಮೊಮ್ಮಗಳ ಗೆಳತಿಯ ಅಕ್ಕನ ಮದುವೆ. ಅದರ ಮುಂದಿನ ಭಾನುವಾರ ಕಾಲೇಜಿನ ಪ್ರಾಜೆಕ್ಟು. ಹತ್ತು ನಿಮಿಷದ ಕೆಲಸಕ್ಕೆ ಇರುವ ದೋಷವೇ ಅದು, ಅದನ್ನು ಯಾವಾಗ ಬೇಕಾದರೂ ಮಾಡಬಹುದು.

ಅಜ್ಜಿ ಮಾತ್ರ ಹೊಸ ವಿದ್ಯೆಯನ್ನು ಚೆನ್ನಾಗಿ ಕಲಿತಳು. ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತಳು. ಕತ್ತಲಲ್ಲಿ ಕೂತು ಒಂದು, ಎರಡು ಅಂತ ಎಣಿಸುವುದು ಅವಳಿಂದ ಆಗುತ್ತಿರಲಿಲ್ಲ. ಕಿವಿ ಇರುವವರಿಗೆ ಕತ್ತಲೆಂದರೆ ಕಣ್ಣು ಕಾಣದಿರುವುದು, ಅಷ್ಟೇ. ಕಿವಿ ಇಲ್ಲದವಳಿಗೆ ಕತ್ತಲೆಂದರೆ ಪ್ರಪಂಚವೇ ಇಲ್ಲದಿರುವುದು. ಹಾಗಾಗಿ ದೀಪ ಹೋದ ಗಳಿಗೆಗೇ ಅವಳ ಕೈ ಮೇಲೇಳುತ್ತಿತ್ತು. ನೊಣ ಓಡಿಸುವ ಹಾಗೆ ಒಮ್ಮೆ ಬೀಸಿ, ತಲೆಯೆತ್ತದೆ ಕೆಲಸ ಮುಂದುವರಿಸುತ್ತಿದ್ದಳು.

"ಏನಜ್ಜಿ, ಯಾರಿಗೆ ಟಾಟಾ ಮಾಡ್ತಿದೀಯ?" ಮೊಮ್ಮಗಳು ಕಿಚಾಯಿಸಿದಳು. ಫೋನ್ ತೋರಿಸಿ, "ನೋಡಿಲ್ಲಿ, ಲೈಟ್ ಯಾವಾಗ ಆರಿತು, ಯಾಕೆ ಆರಿತು, ಎಲ್ಲ ಇದರಲ್ಲಿ ಬರೆದಿರುತ್ತೆ. ನಿನ್ನೆ ನೀನು ಮೂವತ್ತೊಂದು ಸಲ ಟಾಟಾ ಮಾಡಿದೀಯ," ಅಂದಳು.

"ಅದಕ್ಕೇನು ಬೇರೆ ಕಸುಬಿಲ್ವಾ? ಮುದುಕಿ ಕೈಯೆತ್ತಿದ್ದು ಬರ್ಕೊಳ್ಳೋದಾ?" ಅಂದಳು ಅಜ್ಜಿ. ಆದರೂ ನಕ್ಕಳು.

ಎರಡನೇ ವಾರದ ಒಂದು ಸಂಜೆ ಸೊಸೆ ಮಾವನ ಬಟ್ಟೆ ಬದಲಾಯಿಸಲು ಹೋದವಳು ಅವನ ತುಟಿ ಒಣಗಿ ಸಿಪ್ಪೆ ಎದ್ದದ್ದು ನೋಡಿದಳು. ನೀರು ಕುಡಿಸಿದರೆ ಗಟಗಟ ಒಂದು ಲೋಟ ಪೂರ್ತಿ ಕುಡಿದ.

"ಅತ್ತೆ, ಮಾವ ನೀರು ಕೇಳಲಿಲ್ವಾ ಮಧ್ಯಾಹ್ನ?"

"ಇಲ್ಲವಲ್ಲ."

ಸೊಸೆ ಮಾವನ ಕಡೆ ತಿರುಗಿದಳು. "ಕೇಳಿದ್ರಾ ಮಾವ?"

ತಾತ ಹೆಂಡತಿಯನ್ನು ನೋಡಿದ. ಅವಳ ಮುಖದಲ್ಲಿ ಗಾಬರಿ ಆಗಲೇ ಬಂದಿತ್ತು. ಅವನು ಇಲ್ಲ ಅಂತ ತಲೆಯಾಡಿಸಿದ. ಎಡಗೈ ಎತ್ತಿ, ಹೋಗಲಿ ಬಿಡು ಎಂಬಂತೆ ಬೀಸಿದ. ಸೊಸೆಗೆ ಅದು ಸುಳ್ಳು ಅಂತ ಗೊತ್ತಾಯಿತು, ಅಜ್ಜಿಗೂ ಗೊತ್ತಾಯಿತು. ಅಂದು ರಾತ್ರಿ ಸೊಸೆ ಮಗಳಿಗೆ ಬೈದಳು.

"ಆ ಕೆಂಪು ಬಲ್ಬ್ ಎಲ್ಲೇ?"

"ಈ ಭಾನುವಾರ ಅಮ್ಮ. ಖಂಡಿತ."

ಮುಂದೆ ಎರಡು ಮೂರು ದಿನ ಅಜ್ಜಿ ಹಲ್ಲು ಕಚ್ಚಿ ಎಣಿಸಿದಳು. ಆಮೇಲೆ ಮರೆತಳು. ಕೈಗೆ ಕಲಿಸಿದ್ದನ್ನು ಮರೆಸುವುದು ಸುಲಭವಲ್ಲ.

*

ಅದೊಂದು ಬುಧವಾರ. ಮಗ ಅಂಗಡಿಗೆ, ಸೊಸೆ ಲಾಂಡ್ರಿಗೆ, ಮೊಮ್ಮಗಳು ಕಾಲೇಜಿಗೆ ಹೋಗಿದ್ದರು. ಅಜ್ಜಿ ಗಂಡನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಕಿಟಕಿಯ ಕಡೆ ಹೊರಳಿಸಿ ಮಲಗಿಸಿ ಬಂದಳು. ಮೂರೂವರೆಯ ಹೊತ್ತಿಗೆ ಮಣೆ ಹಾಕಿಕೊಂಡು ಬಟಾಣಿ ಸುಲಿಯಲು ಕೂತಳು. ಎರಡು ಸೇರು ಬಟಾಣಿ ಇತ್ತು.

ದೀಪ ಹೋಯಿತು. ಕೈ ಬೀಸಿದಳು, ಬಂತು. ಎರಡು ಕಾಯಿ ಸುಲಿಯುವುದರೊಳಗೆ ಮತ್ತೆ ಹೋಯಿತು. ಬೀಸಿದಳು, ಬಂತು. ಮತ್ತೆ ಹೋಯಿತು.

"ಏನು ಬಂದಿದೆ ಇವತ್ತು ಇದಕ್ಕೆ? ಹುಚ್ಚು ಹಿಡಿದಿದೆಯಾ?" ಅಂತ ಸೂರು ನೋಡಿ ಬೈದಳು. ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಶುರುವಾಯಿತು. ಅವಳ ಎಡಗೈ ಮೇಲೆಯೇ ಇತ್ತು, ಬಲಗೈ ಒಂದರಲ್ಲೇ ಸುಲಿಯುತ್ತಿದ್ದಳು. "ನಿನ್ನ ಮನೆ ಹಾಳಾಗ! ಬರ್ಲಿ ಇವತ್ತು ಅವಳು, ನಿನ್ನನ್ನ ಕಿತ್ತು ಬೀದಿಗೆ ಎಸಿತೀನಿ!" ಅಂತ ಗಿರಣಿಯ ದನಿಯಲ್ಲಿ ಕೂಗಿದಳು. ಮೇಲಿನ ಅಂತಸ್ತಿನವರು ಅದನ್ನು ಕೇಳಿಸಿಕೊಂಡಿದ್ದರು.

ಎತ್ತಿದ ಕೈಯನ್ನು ಬೀಸುತ್ತಲೇ ಇದ್ದಳು, ಆಮೇಲೆ ದೀಪ ಆರಲಿಲ್ಲ. ಬೈದ ಮೇಲೆ ಬುದ್ಧಿ ಬಂತು ಅಂದುಕೊಂಡಳು. ಬಟಾಣಿ ಮುಗಿಸಿ, ಸಿಪ್ಪೆ ಬಳಿದು ಹಾಕಿ, ಚಹಾ ಮಾಡಿ, ಗಂಡನ ಲೋಟಕ್ಕೆ ಆರಿಸಿ ಹಾಕಿಕೊಂಡು ಹೋದಳು.

ತಾತ ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ ಹೊರಳಿದ್ದ. ಒಂದೂವರೆ ವರ್ಷದಲ್ಲಿ ತಾನಾಗಿ ಹೊರಳಿದ್ದು ಅದೊಂದೇ ಸಲ. ಕಣ್ಣು ಬಾಗಿಲ ಮೇಲೆ ಇತ್ತು. ಹೆಬ್ಬೆರಳು ಬಟನ್ನಿನ ಮೇಲೆ ಇತ್ತು. ಮೈ ಇನ್ನೂ ಬೆಚ್ಚಗಿತ್ತು.

ಡಾಕ್ಟರು ಬಂದು ನೋಡಿ, ಇನ್ನೊಂದು ಸಲ ಲಕ್ವ ಹೊಡೆದಿದೆ, ಯಾರು ಪಕ್ಕದಲ್ಲಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ ಅಂದರು. ಮೊಮ್ಮಗಳು ಅದನ್ನು ತುಟಿ ಅಗಲಿಸಿ ಅಜ್ಜಿಗೆ ಹೇಳಿದಳು. ಅಜ್ಜಿ ಚಹಾದ ಲೋಟ ಹಿಡಿದುಕೊಂಡೇ ನಿಂತಿದ್ದಳು. ಅದನ್ನು ಅವಳ ಕೈಯಿಂದ ಬಿಡಿಸಲು ಮಗನಿಗೆ ಸಾಕುಬೇಕಾಯಿತು.

*

ಬಂದವರೆಲ್ಲ ಬಂದು ಹೋದರು. ಮಂಚದ ಹಾಸಿಗೆ ತೆಗೆದರು. ಐದನೇ ದಿನ ಬೆಳಿಗ್ಗೆ ಮೊಮ್ಮಗಳು ಅಪ್ಪ ಅಮ್ಮನನ್ನು ಹಾಲಿಗೆ ಕರೆದು ಫೋನ್ ಮುಂದಿಟ್ಟಳು. ಅವಳ ಕಣ್ಣು ಊದಿಕೊಂಡಿತ್ತು.

ಅಡುಗೆಮನೆಯ ದೀಪದ ಪಟ್ಟಿ ಅದು. ಬೇರೆ ದಿನಗಳಲ್ಲಿ ಸಾಲಾಗಿ 'ಚಲನೆ ಇಲ್ಲ, ಚಲನೆ ಇಲ್ಲ' ಅಂತ ಇತ್ತು. ಬುಧವಾರ ಮೂರು ಮೂವತ್ತೇಳರಿಂದ 'ಬಟನ್' ಅಂತ ಇತ್ತು. ಮೂರು ಸಲ. ಎರಡು ನಿಮಿಷ ಬಿಟ್ಟು ಮತ್ತೆ ಮೂರು ಸಲ. ಮತ್ತೆ ಮೂರು ಸಲ. ತಾತನ ಹೆಬ್ಬೆರಳು ಈಗೀಗ ನಿಧಾನವಾಗಿತ್ತು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ಹದಿನೈದು ಸೆಕೆಂಡು ಇತ್ತು. ಕಡೆಯದು ಎರಡು ಸಲಕ್ಕೇ ನಿಂತಿತ್ತು. ಅದು ನೀರೋ, ಮೂರನೆಯದು ಒತ್ತಲು ಆಗಲಿಲ್ಲವೋ, ಹೇಳುವವರು ಯಾರೂ ಇರಲಿಲ್ಲ.

"ಸುಮ್ನೆ," ಅಂದಳು ಮೊಮ್ಮಗಳು. "ಸುಮ್ನೆ ಬಂದು ಕೂತ್ಕೋ ಅಂತ ಕರೆದಿದಾರೆ ಅಮ್ಮ." ಅಷ್ಟು ಹೇಳಿ ಬಿಕ್ಕಿದಳು. "ಹತ್ತು ನಿಮಿಷದ ಕೆಲಸ. ನಾನು ಹತ್ತು ನಿಮಿಷ..."

"ನಿಂದಲ್ಲ. ಹಾಕಿಸಿದ್ದು ನಾನು," ಅಂದಳು ಸೊಸೆ.

ಮಗ ತಲೆ ಬಗ್ಗಿಸಿ ಕೂತಿದ್ದ. "ಅಳಿಸಿಬಿಡು ಅದನ್ನ," ಅಂದ.

"ಅಳಿಸಿದ್ರೆ ಆಗಿದ್ದು ಹೋಗುತ್ತೇನ್ರೀ?"

"ಹೋಗಲ್ಲ. ಅಮ್ಮನಿಗೆ ಗೊತ್ತಾಗಬಾರದು. ಅಷ್ಟೇ."

ಹೇಳಬಾರದು ಅಂತ ಮೂವರೂ ಒಪ್ಪಿಕೊಂಡರು. ಆ ಮನೆಯಲ್ಲಿ ಒಂದು ಮಾತಿಗೆ ಎಲ್ಲರೂ ಒಪ್ಪಿದ್ದು ಅದೇ ಮೊದಲು. ಅದೇ ಗಳಿಗೆಗೆ ಬಾಗಿಲು ತಟ್ಟಿದ ಸದ್ದಾಯಿತು. ವ್ಯಾಯಾಮ ಮಾಡಿಸುವಾಕೆ ಚೀಲ ಹಿಡಿದು ನಿಂತಿದ್ದಳು. ಹಿಂದಿನ ವಾರವೇ ಸೊಸೆ ಅವಳನ್ನು ಗೊತ್ತು ಮಾಡಿದ್ದಳು, ಬೇಡ ಅಂತ ಹೇಳುವುದು ಗಲಾಟೆಯಲ್ಲಿ ಮರೆತುಹೋಗಿತ್ತು. "ಹೇಗಿದಾರೆ ನಮ್ಮ ಫ್ಯೂಸಪ್ಪನವರು?" ಅಂತ ಆಕೆ ನಗುತ್ತಾ ಕೇಳಿದಳು. ಇಷ್ಟು ದಿನ ಕೆಲಸದ ಮೇಲೆ ಕೆಲಸ ಮಾಡುತ್ತಾ ತಡೆದುಕೊಂಡಿದ್ದ ಸೊಸೆ ಆಗ ಬಾಗಿಲಿಗೆ ಒರಗಿ ಗೊಳೋ ಎಂದು ಅತ್ತಳು. ಅಡುಗೆಮನೆಯಲ್ಲಿದ್ದ ಅಜ್ಜಿಗೆ ಅದು ಕೇಳಿಸಲಿಲ್ಲ.

ಅಂದು ಮಧ್ಯಾಹ್ನ ಅಜ್ಜಿ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ಪುಟ್ಟಿ, ನಿನ್ನ ಫೋನಲ್ಲಿ ಎಲ್ಲ ಬರೆದಿರುತ್ತೆ ಅಂದಿದ್ದೆ. ಅವತ್ತು ತಾತ ಕರೆದಿದ್ರಾ?"

ಮೊಮ್ಮಗಳು ಅಜ್ಜಿಯ ಕಣ್ಣನ್ನೇ ನೋಡುತ್ತಾ ತಲೆಯಾಡಿಸಿದಳು. "ಇಲ್ಲಜ್ಜಿ. ಸೆನ್ಸರೇ ಅದು."

ಅಜ್ಜಿ ಅವಳ ತುಟಿಯನ್ನು ನೋಡಲಿಲ್ಲ, ಮುಖ ನೋಡಿದಳು. ಮುಖ ಓದಿಯೇ ಹದಿನೇಳು ವರ್ಷ ಸಂಸಾರ ಮಾಡಿದವಳು ಅವಳು. ಮೊಮ್ಮಗಳ ಗಲ್ಲ ಹಿಡಿದುಕೊಂಡಳು. ಆ ಮನೆಯಲ್ಲಿ ಯಾರೂ ಕೇಳಿರದಷ್ಟು ಮೆಲ್ಲಗೆ ಮಾತಾಡಿದಳು.

"ಸೆನ್ಸರ್ ಆರ್ಬೇಕಾದ್ರೆ ಎರಡು ನಿಮಿಷ ಬೇಕು ಅಂತ ನೀನೇ ಹೇಳಿಕೊಟ್ಟಿದ್ದೆ. ಅವತ್ತು ನಾನು ಎತ್ತಿದ ಕೈ ಇಳಿಸಿರಲಿಲ್ಲ, ಆರ್ತಿತ್ತು. ಅಷ್ಟೂ ಗೊತ್ತಾಗಲ್ವಾ ನನಗೆ? ಅವರು ಕರೀತಿದ್ರು, ನಾನು ಇಲ್ಲಿಂದ ಕೈ ಬೀಸಿ ಓಡಿಸ್ತಿದ್ದೆ. ಬೈದೆ ಕೂಡ. ಮನೆ ಹಾಳಾಗ ಅಂದೆ. ಅವರಿಗೆ ಕಿವಿ ಚೆನ್ನಾಗಿತ್ತು ಪುಟ್ಟಿ. ಎಲ್ಲ ಕೇಳಿಸಿರುತ್ತೆ."

ಮೊಮ್ಮಗಳು ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು.

*

ತಿಂಗಳ ಕೊನೆಗೆ ಬಿಲ್ಲು ಬಂತು. ಸೊಸೆ ಹೇಳಿದ್ದಕ್ಕಿಂತ ಹೆಚ್ಚೇ ಉಳಿದಿತ್ತು. ಅವಳು ಅದನ್ನು ಯಾರಿಗೂ ತೋರಿಸದೆ ಡಬ್ಬಿಯ ಕೆಳಗೆ ಇಟ್ಟಳು. ಆ ಶನಿವಾರ ಸಂಜೆ ಬೇಗ ಬಂದವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಬುಟ್ಟಿಯಿಂದ ಒಂದು ಹಿಡಿ ಬಟಾಣಿ ತನ್ನ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದಳು. ನಾಲ್ಕು ಕಾಯಿ ಸುಲಿದ ಮೇಲೆ ಅತ್ತೆಯ ಮೊಣಕೈ ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡಳು.

"ಅತ್ತೆ, ನಾಳೆ ಫಿಟ್ಟರನ್ನ ಕರೆಸ್ತೀನಿ. ಎಲ್ಲ ಕಿತ್ತು ಹಾಕಿಸ್ತೀನಿ. ನೀವು ಎಷ್ಟು ಲೈಟ್ ಬೇಕಾದ್ರೂ ಉರಿಸ್ಕೊಳ್ಳಿ." ಅವಳ ತುಟಿ ನಡುಗುತ್ತಿತ್ತು, ಓದುವುದು ಕಷ್ಟವಾಗಿತ್ತು. "ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ."

"ನೀನು ಅವರಿಗೋಸ್ಕರ ಹಾಕಿಸಿದ್ದೆ," ಅಂದಳು ಅಜ್ಜಿ. "ಇರ್ಲಿ ಬಿಡು. ಕೀಳಿಸಬೇಡ. ಬಟನ್ನೂ ಅಲ್ಲೇ ಇರ್ಲಿ."

ಇಬ್ಬರೂ ಮತ್ತೆ ಸುಲಿಯತೊಡಗಿದರು. ಇಬ್ಬರೂ ಕಟ್ಟೆಯ ಕೆಳಗೆ ಕೂತಿದ್ದರು. ಸೂರಿನ ಬಿಲ್ಲೆಗೆ ಯಾರೂ ಕಾಣಲಿಲ್ಲ. ಎರಡು ನಿಮಿಷಕ್ಕೆ ದೀಪ ಆರಿತು.

ಸೊಸೆ ಕೈ ಎತ್ತಿದಳು. ಕತ್ತಲಲ್ಲೇ ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡು ಕೆಳಗಿಳಿಸಿದಳು.

"ಎಣಿಸು," ಅಂದಳು.

ಅಜ್ಜಿಯೇ ಎಣಿಸಿದಳು, ಗಿರಣಿಯ ದನಿಯಲ್ಲಿ, ಮೂರನೇ ಅಂತಸ್ತಿಗೂ ಕೇಳಿಸುವ ಹಾಗೆ.

"ಒಂದು."

ಅವಳ ಹಿಡಿತ ಬಿಗಿಯಾಗಿತ್ತು. ಸೊಸೆಗೆ ತನ್ನ ನಾಡಿ ಬಡಿಯುವುದು ಆ ಬೆರಳುಗಳ ಕೆಳಗೆ ಗೊತ್ತಾಗುತ್ತಿತ್ತು.

"ಎರಡು."

ದೀಪ ತಾನಾಗಿ ಹತ್ತಲಿಲ್ಲ. ಅಜ್ಜಿ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೊಸೆಯ ಕೈ ಬಿಟ್ಟಳು.

"ಈಗ ಬೀಸು," ಅಂದಳು.